ಆಟವೋ, ಓಟವೋ?

ಮಕ್ಕಳೇ, ನನ್ನ ಕೆಲಸ ಏನೆಂದು ಹೇಳಿದರೆ ನಿಮಗೆ ನಗು ಬರಬಹುದು. ಸೂರ್ಯ ಮುಳುಗುವುದನ್ನು ತೋರಿಸುವುದು ನನ್ನ ಕೆಲಸ. ಸೂರ್ಯ ದಿನವೂ ಎಲ್ಲರಿಗೂ ಪುಕ್ಕಟೆಯಾಗಿ ಮುಳುಗುತ್ತಾನೆ, ಅದನ್ನು ತೋರಿಸಲು ಒಬ್ಬ ಮನುಷ್ಯ ಬೇಕೇ ಎಂದು ನೀವು ಕೇಳಬಹುದು. ನಾನು ತೋರಿಸುವುದು ಸಣ್ಣ ದೋಣಿಯಲ್ಲಿ ಕೂರಿಸಿಕೊಂಡು, ಸಮುದ್ರದ ನಡುವೆ. ಜತೆಗೆ ಡಾಲ್ಫಿನ್, ಕಡಲ ಹದ್ದು, ದ್ವೀಪ, ದೀಪಸ್ತಂಭಗಳನ್ನೂ ತೋರಿಸುತ್ತೇನೆ. ನನ್ನ ಊರು ಕಾರವಾರ. ದೋಣಿ ನನ್ನದಲ್ಲ. ಅದನ್ನು ನಡೆಸುವವರು ನಮ್ಮ ನೆರೆಮನೆಯ ಕಾಕಾ. ನಮ್ಮ ಕಡೆ ದೋಣಿ ನಡೆಸುವ ಮುಖ್ಯಸ್ಥನನ್ನು ತಾಂಡೇಲ ಎನ್ನುತ್ತೇವೆ. ಅವರು ಚುಕ್ಕಾಣಿ ಹಿಡಿಯುತ್ತಾರೆ, ನಾನು ಮಾತಾಡುತ್ತೇನೆ.

ಹತ್ತಾರು ವರ್ಷ ಮಾತಾಡಿದ ಮೇಲೆ ಒಂದು ದಿನ ಒಬ್ಬಳು ಆರನೆಯ ತರಗತಿಯ ಹುಡುಗಿ ನನ್ನ ಬಾಯಿ ಮುಚ್ಚಿಸಿದಳು. ಆ ಕಥೆಯನ್ನು ನಿಮಗೆ ಹೇಳಬೇಕು.

ಮೊದಲು ನಮ್ಮ ಬಂದರನ್ನು ಕಣ್ಣ ಮುಂದೆ ತಂದುಕೊಳ್ಳಿ. ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟುವ ಕಾಳಿ ನದಿ ಸುಮಾರು 184 ಕಿಲೋಮೀಟರ್ ಹರಿದು ಇಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ನದಿ ಸಮುದ್ರ ಸೇರುವ ಜಾಗಕ್ಕೆ ಅಳಿವೆ ಎಂದು ಹೆಸರು. ಅಳಿವೆಯ ಉತ್ತರಕ್ಕೆ ಸದಾಶಿವಗಡದ ಗುಡ್ಡ, ದಕ್ಷಿಣಕ್ಕೆ ನಾವು ದೋಣಿ ಹತ್ತುವ ಕೋಡಿಬಾಗ. ಅಲ್ಲಿಂದ ದಕ್ಷಿಣಕ್ಕೆ ಉದ್ದನೆಯ ಮರಳ ದಂಡೆ, ಆಮೇಲೆ ಬೈತಖೋಲದ ಮೀನುಗಾರಿಕೆ ಬಂದರು. ಎದುರಿಗೆ ಸಮುದ್ರದಲ್ಲಿ ಆಮೆಯ ಬೆನ್ನಿನಂತೆ ಕಾಣುವ ಕೂರ್ಮಗಡ ದ್ವೀಪ. ಅದರಾಚೆ ದೇವಗಡ. ದೇವಗಡದ ನೆತ್ತಿಯ ಮೇಲೆ ಬ್ರಿಟಿಷರ ಕಾಲದ ದೀಪಸ್ತಂಭ ಇಂದಿಗೂ ನಿಂತಿದೆ. ಇನ್ನೂ ದಕ್ಷಿಣಕ್ಕೆ ನೌಕಾಪಡೆಯ ನೆಲೆ ಇದೆ. ಅತ್ತ ನಾವು ಹೋಗುವಂತಿಲ್ಲ.

ಕವಿ ರವೀಂದ್ರನಾಥ ಠಾಕೂರರ ಹೆಸರು ಕೇಳಿದ್ದೀರಲ್ಲ? ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. 1880ರ ದಶಕದಲ್ಲಿ ತರುಣ ರವೀಂದ್ರರು ಇಲ್ಲಿಗೆ ಬಂದಿದ್ದರು. ಬೆಳದಿಂಗಳ ರಾತ್ರಿಯಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದುದನ್ನು ತಮ್ಮ ನೆನಪಿನ ಬರಹದಲ್ಲಿ ಬರೆದಿದ್ದಾರೆ. ಈ ಮಾತನ್ನು ನಾನು ಪ್ರತಿ ದಿನ ಪ್ರವಾಸಿಗಳಿಗೆ ಹೇಳುತ್ತಿದ್ದೆ. ಆದರೆ ಅವರ ದೋಣಿಗೆ ಎಂಜಿನ್ ಇರಲಿಲ್ಲ ಎಂಬುದು ಮಾತ್ರ ನನಗೆ ಬಹಳ ದಿನ ಹೊಳೆದೇ ಇರಲಿಲ್ಲ.

ಹೊರಡುವ ಮುನ್ನ

ನಮ್ಮ ದೋಣಿ ಫೈಬರಿನದು. ಹಿಂಬದಿಯಲ್ಲಿ ಔಟ್‌ಬೋರ್ಡ್ ಎಂಜಿನ್ ಇದೆ. ಮಳೆಗಾಲದಲ್ಲಿ ದೋಣಿ ದಂಡೆಯ ಮೇಲೆ ಮಲಗಿರುತ್ತದೆ. ಸಮುದ್ರ ಶಾಂತವಾದ ಮೇಲೆ, ಅಕ್ಟೋಬರಿನಿಂದ ಮೇ ತಿಂಗಳವರೆಗೆ ನಮ್ಮ ಸುಗ್ಗಿ. ಸಂಜೆ ನಾಲ್ಕರ ಸುಮಾರಿಗೆ ಹತ್ತು ಜನರನ್ನು ಕೂರಿಸಿಕೊಂಡು ಹೊರಡುತ್ತೇವೆ. ಹನ್ನೊಂದನೆಯವರು ಎಷ್ಟೇ ದುಡ್ಡು ಕೊಟ್ಟರೂ ಹತ್ತಿಸುವುದಿಲ್ಲ.

ಮೊದಲು ಎಲ್ಲರೂ ಲೈಫ್ ಜಾಕೆಟ್ ತೊಡಬೇಕು. "ಸೆಕೆ ಆಗುತ್ತದೆ, ಫೋಟೊ ಚೆನ್ನಾಗಿ ಬರುವುದಿಲ್ಲ" ಎಂದು ಗೊಣಗುವವರು ದಿನವೂ ಇರುತ್ತಾರೆ. 2019ರ ಜನವರಿಯಲ್ಲಿ ಕೂರ್ಮಗಡದ ನರಸಿಂಹ ದೇವರ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಅನೇಕರು ಜೀವ ಕಳೆದುಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ಅಂದಿನಿಂದ ನಾನು ಗೊಣಗುವವರ ಜತೆ ವಾದ ಮಾಡುವುದಿಲ್ಲ. ಜಾಕೆಟ್ ತೊಡದಿದ್ದರೆ ಕಾಕಾ ಎಂಜಿನ್ ಚಾಲೂ ಮಾಡುವುದಿಲ್ಲ, ಅಷ್ಟೇ. ಮನುಷ್ಯನ ದೇಹದ ಸಾಂದ್ರತೆ ನೀರಿನ ಸಾಂದ್ರತೆಗೆ ಬಹಳ ಹತ್ತಿರ. ಹಾಗಾಗಿ ಸ್ವಲ್ಪ ಹಗುರವಾದ ವಸ್ತುವನ್ನು ಎದೆಗೆ ಕಟ್ಟಿಕೊಂಡರೂ ಸಾಕು, ಮೂಗು ಬಾಯಿ ನೀರಿನ ಮೇಲೆ ಉಳಿಯುತ್ತವೆ. ಆರ್ಕಿಮಿಡಿಸನ ತತ್ತ್ವವನ್ನು ನೀವು ಪಾಠದಲ್ಲಿ ಓದುತ್ತೀರಿ. ನಾವು ಅದನ್ನು ಮೈಮೇಲೆ ತೊಡುತ್ತೇವೆ.

ಎರಡನೆಯದು ಭರತ–ಇಳಿತದ ಲೆಕ್ಕ. ಚಂದ್ರ ಮತ್ತು ಸೂರ್ಯರ ಸೆಳೆತದಿಂದ ಸಮುದ್ರದ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಇಂದು ನಾಲ್ಕು ಗಂಟೆಗೆ ಭರತವಿದ್ದರೆ ನಾಳೆ ಸುಮಾರು 50 ನಿಮಿಷ ತಡ. ಅಳಿವೆಯಲ್ಲಿ ನೀರಿನ ಅಡಿಗೆ ಮರಳ ದಿಬ್ಬ ಇರುತ್ತದೆ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ರಭಸದಿಂದ ಹೊರಗೆ ನುಗ್ಗುತ್ತದೆ, ಎದುರಿನಿಂದ ಸಮುದ್ರದ ಅಲೆ ಬರುತ್ತದೆ. ಎರಡೂ ಮರಳ ದಿಬ್ಬದ ಮೇಲೆ ಢಿಕ್ಕಿ ಹೊಡೆದು ಅಲೆಗಳು ಗೋಡೆಯಂತೆ ಏಳುತ್ತವೆ. ಸಣ್ಣ ದೋಣಿಗೆ ಇದಕ್ಕಿಂತ ಕೆಟ್ಟ ಜಾಗ ಬೇರೆ ಇಲ್ಲ. ಆದ್ದರಿಂದ ಕಾಕಾ ಗಡಿಯಾರ ನೋಡುವ ಮೊದಲು ನೀರು ನೋಡುತ್ತಾರೆ.

ಗೂನುಬೆನ್ನಿನ ನೆರೆಯವರು

ನಮ್ಮ ಬಂದರಿನ ಸುತ್ತ ಕಾಣುವ ಡಾಲ್ಫಿನ್ನಿಗೆ ಬೆನ್ನ ಮೇಲೆ ಗೂನು ಇದೆ. ಆ ಗೂನಿನ ಮೇಲೆ ಸಣ್ಣ ಈಜುರೆಕ್ಕೆ. ಅದಕ್ಕೇ ಇದನ್ನು ಹಿಂದೂ ಮಹಾಸಾಗರದ ಗೂನುಬೆನ್ನಿನ ಡಾಲ್ಫಿನ್ ಎನ್ನುತ್ತಾರೆ. ವಿಜ್ಞಾನಿಗಳು ಇಟ್ಟ ಹೆಸರು ಸೌಸಾ ಪ್ಲಂಬಿಯಾ. ಬಣ್ಣ ಸೀಸದಂತೆ ಬೂದು. ಬೆಳೆದ ಡಾಲ್ಫಿನ್ ಎರಡೂವರೆ ಮೀಟರಿನಷ್ಟು ಉದ್ದ ಇರುತ್ತದೆ, ಹುಟ್ಟಿದ ಮರಿ ಒಂದು ಮೀಟರಿನಷ್ಟು. ಇವು ಆಳ ಸಮುದ್ರಕ್ಕೆ ಹೋಗುವುದು ಕಡಿಮೆ. ದಡದ ಹತ್ತಿರದ ಆಳವಿಲ್ಲದ ನೀರು, ಅಳಿವೆಯ ಬಾಯಿ, ಇವೇ ಇವುಗಳ ಮನೆ.

ಕರಾವಳಿಯಲ್ಲಿ ಡಾಲ್ಫಿನ್ನನ್ನು ಹಂದಿಮೀನು ಎನ್ನುವುದುಂಟು. ಆದರೆ ಇದು ಮೀನಲ್ಲ. ನಮ್ಮ ಹಾಗೆ ಬಿಸಿರಕ್ತದ ಪ್ರಾಣಿ, ಮರಿ ಹಾಕಿ ಹಾಲೂಡಿಸುತ್ತದೆ. ಮೀನಿಗಿರುವ ಕಿವಿರು ಇದಕ್ಕಿಲ್ಲ, ಪುಪ್ಪುಸವಿದೆ. ಆದ್ದರಿಂದ ಉಸಿರಾಡಲು ನೀರಿನ ಮೇಲೆ ಬರಲೇಬೇಕು. ಮೂಗಿನ ರಂಧ್ರ ತಲೆಯ ಮೇಲೆ ಇದೆ. ಮೇಲೆ ಬಂದ ಒಡನೆ ಹಳೆಯ ಗಾಳಿಯನ್ನು ರಭಸದಿಂದ ಹೊರಗೆ ಬಿಟ್ಟು, ಹೊಸ ಗಾಳಿ ತುಂಬಿಕೊಂಡು, ರಂಧ್ರ ಮುಚ್ಚಿ ಮತ್ತೆ ಒಳಗೆ ಹೋಗುತ್ತದೆ. ನಾವು ನೋಡುವುದು ಈ ಒಂದೆರಡು ಸೆಕೆಂಡನ್ನು ಮಾತ್ರ.

ಈ ಒಂದೆರಡು ಸೆಕೆಂಡಿಗಾಗಿಯೇ ಜನ ದೂರದೂರದಿಂದ ಬರುತ್ತಾರೆ. "ಡಾಲ್ಫಿನ್ ಕಾಣಿಸದಿದ್ದರೆ ದುಡ್ಡು ವಾಪಸ್ ಕೊಡ್ತೀರಾ?" ಎಂಬುದು ದಂಡೆಯಲ್ಲಿ ನಾನು ಹೆಚ್ಚು ಕೇಳಿದ ಪ್ರಶ್ನೆ. ಕಾಣಿಸಿದರೆ ಕೈಗೆ ಐವತ್ತು ನೂರು ರೂಪಾಯಿ ಹೆಚ್ಚು ಇಡುತ್ತಾರೆ. ಇದರಿಂದ ನಾವು ಕಲಿತದ್ದು ಒಂದೇ: ಕಂಡ ಕೂಡಲೇ ಬೆನ್ನಟ್ಟುವುದು. ದೂರದಲ್ಲಿ ಒಂದು ಗೂನು ಕಂಡರೆ ಸಾಕು, ಕಾಕಾ ಎಂಜಿನ್ ಪೂರ್ತಿ ತೆರೆಯುತ್ತಿದ್ದರು. ಅದು ಬಲಕ್ಕೆ ತಿರುಗಿದರೆ ನಾವೂ ಬಲಕ್ಕೆ, ಎಡಕ್ಕೆ ತಿರುಗಿದರೆ ಎಡಕ್ಕೆ. ಬೇರೆ ದೋಣಿಯವರೂ ನೋಡಿ ಅದೇ ಕಡೆ ಬರುತ್ತಿದ್ದರು. ನಾನು ಮುಂದೆ ನಿಂತು, "ನೋಡಿ ನೋಡಿ, ನಮ್ಮ ಜತೆ ಆಟ ಆಡುತ್ತಿವೆ!" ಎಂದು ಕೂಗುತ್ತಿದ್ದೆ. ಜನ ಚಪ್ಪಾಳೆ ತಟ್ಟುತ್ತಿದ್ದರು.

ಒಂದು ಡಿಸೆಂಬರಿನ ಸಂಜೆಯ ನೆನಪು ನನಗೆ ಈಗಲೂ ಇರಿಸುಮುರಿಸು ಉಂಟುಮಾಡುತ್ತದೆ. ಕೂರ್ಮಗಡದ ಈಚೆ ಒಂದು ತಾಯಿ, ಅದರ ಪಕ್ಕಕ್ಕೆ ಅಂಟಿಕೊಂಡಂತೆ ಒಂದು ಮರಿ ಇತ್ತು. ಮೂರು ದೋಣಿಗಳು ಮೂರು ದಿಕ್ಕಿನಿಂದ ಹೋದವು. ಅವುಗಳಲ್ಲಿ ನಮ್ಮದೂ ಒಂದು. ತಾಯಿ ಒಂದು ಕಡೆ ಎದ್ದಿತು, ಮರಿ ಇನ್ನೊಂದು ಕಡೆ. ನಡುವೆ ನಮ್ಮ ದೋಣಿ. ಮರಿ ಮತ್ತೆ ಮತ್ತೆ ಮೇಲೆ ಬರುತ್ತಿತ್ತು. "ಎಷ್ಟು ಮುದ್ದಾಗಿದೆ, ನಮಗೆ ಟಾಟಾ ಹೇಳುತ್ತಿದೆ" ಎಂದು ನಾನು ಹೇಳಿದೆ. ಎಲ್ಲರೂ ನಕ್ಕರು. ಆಮೇಲೆ ಅವು ಒಂದುಗೂಡಿದವೋ ಇಲ್ಲವೋ ನೋಡಲು ನಾವು ನಿಲ್ಲಲಿಲ್ಲ. ಸೂರ್ಯಾಸ್ತಕ್ಕೆ ಹೊತ್ತಾಗಿತ್ತು.

ಒಂದು ಪ್ರಶ್ನೆ

ಇದಾಗಿ ಒಂದೆರಡು ತಿಂಗಳಿಗೆ ಘಟ್ಟದ ಮೇಲಿನ ಮುಂಡಗೋಡ ಕಡೆಯಿಂದ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮಕ್ಕಳು ಪ್ರವಾಸಕ್ಕೆ ಬಂದರು. ಹೆಚ್ಚಿನವರಿಗೆ ಸಮುದ್ರ ನೋಡುವುದು ಅದೇ ಮೊದಲು. ಗುಂಪು ಗುಂಪಾಗಿ ಕರೆದೊಯ್ದೆವು. ಕೊನೆಯ ಗುಂಪಿನಲ್ಲಿ ಎಂಟು ಮಕ್ಕಳು, ಒಬ್ಬರು ಶಿಕ್ಷಕಿ. ಅವರನ್ನು ಮಕ್ಕಳು "ಅಕ್ಕೋರ" ಎಂದು ಕರೆಯುತ್ತಿದ್ದರು.

ಸ್ವಲ್ಪ ದೂರದಲ್ಲಿ ಮೂರು ಡಾಲ್ಫಿನ್ ಕಂಡವು. ಎಂದಿನಂತೆ ಬೆನ್ನಟ್ಟಿದೆವು. ಎಂದಿನಂತೆ ನಾನು, "ಆಟ ಆಡುತ್ತಿವೆ ನೋಡಿ" ಎಂದೆ. ಮುಂದಿನ ಹಲಗೆಯ ಮೇಲೆ ಕುಳಿತಿದ್ದ ಹುಡುಗಿ ನನ್ನ ಕಡೆ ತಿರುಗಿ ಕೇಳಿದಳು:

"ಮಾಮಾ, ಅವು ಆಡಾಕತ್ತಾವೋ, ಓಡಾಕತ್ತಾವೋ?"

ನಾನು ನಕ್ಕೆ. ಅವಳು ನಗಲಿಲ್ಲ. "ನಮ್ಮೂರಾಗ ಹುಡುಗ್ರು ಕರೂನ ಬೆನ್ನು ಹತ್ತಿದ್ರ ಅದೂ ಹಿಂಗ ಅತ್ತಾಗ ಇತ್ತಾಗ ಜಿಗಿತೈತಿ. ಅದು ಆಟಲ್ಲ, ಅಂಜಿಕಿ" ಎಂದಳು.

ನಾನು ಉತ್ತರ ಹೇಳಲು ಬಾಯಿ ತೆರೆದೆ. ಉತ್ತರ ಇರಲಿಲ್ಲ. ಆಟ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಪರೀಕ್ಷಿಸಿ ನೋಡಿರಲಿಲ್ಲ. ಜನರಿಗೆ ಖುಷಿಯಾಗುತ್ತದೆಂದು ಹೇಳುತ್ತಿದ್ದೆ. ದಿನವೂ ಹೇಳಿ ಹೇಳಿ ನಾನೇ ನಂಬಿಬಿಟ್ಟಿದ್ದೆ. ಡಿಸೆಂಬರಿನ ಆ ಮರಿ ಥಟ್ಟನೆ ಕಣ್ಣ ಮುಂದೆ ಬಂತು.

"ನನಗೆ ಗೊತ್ತಿಲ್ಲ ಮಗಾ" ಎಂದೆ. ದೋಣಿಯಲ್ಲಿ ನಿಂತು ಆ ಮಾತು ಹೇಳಿದ್ದು ಅದೇ ಮೊದಲು.

ಆಗ ಅಕ್ಕೋರು ಒಂದು ಮಾತು ಹೇಳಿದರು. "ಗೊತ್ತಿಲ್ಲದಿದ್ದರೆ ತಿಳಿಯೋಣ. ಎಂಜಿನ್ ಬಂದ್ ಮಾಡಿ ನೋಡಿದರೆ ಹೇಗೆ? ಆಟ ಆಡುತ್ತಿದ್ದರೆ ನಾವು ನಿಂತರೂ ಬಂದಾವು. ಓಡುತ್ತಿದ್ದರೆ ಓಟ ನಿಂತೀತು."

ಕಾಕಾ ನನ್ನ ಮುಖ ನೋಡಿದರು. ಸಮುದ್ರದ ನಡುವೆ ಎಂಜಿನ್ ನಿಲ್ಲಿಸುವುದು ಸುಮ್ಮನೆ ಮಾಡುವ ಕೆಲಸವಲ್ಲ. ಹಗಲು ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ನೆಲದ ಮೇಲಿನ ಗಾಳಿ ಹಗುರವಾಗಿ ಮೇಲೇರುತ್ತದೆ, ಆ ಜಾಗಕ್ಕೆ ಸಮುದ್ರದ ಮೇಲಿನ ತಂಪು ಗಾಳಿ ನುಗ್ಗುತ್ತದೆ. ಇದೇ ಕಡಲಗಾಳಿ. ಸಂಜೆಯೂ ಅದು ದಡದ ಕಡೆಗೆ ಬೀಸುತ್ತಿರುತ್ತದೆ. ಎಂಜಿನ್ ನಿಲ್ಲಿಸಿದರೆ ದೋಣಿ ಗಾಳಿಗೆ ಸಿಕ್ಕಿ ಬಂಡೆಯ ಕಡೆ ಸರಿಯಬಹುದು. ಕಾಕಾ ಬಂಡೆಗಳಿಂದ ದೂರಕ್ಕೆ ದೋಣಿ ತಂದು, ಲಂಗರು ಇಳಿಸಿ, ಆಮೇಲೆ ಎಂಜಿನ್ ನಿಲ್ಲಿಸಿದರು.

ಗದ್ದಲ ನಿಂತಿತು. ದೋಣಿಗೆ ನೀರು ತಾಗುವ ಸದ್ದು ಮಾತ್ರ. ಮಕ್ಕಳು ಉಸಿರು ಬಿಗಿಹಿಡಿದು ಕುಳಿತರು. ಐದು ನಿಮಿಷ ಆಯಿತು, ಹತ್ತು ನಿಮಿಷ ಆಯಿತು, ಏನೂ ಕಾಣಲಿಲ್ಲ. ಇವತ್ತು ಮಕ್ಕಳಿಗೆ ಡಾಲ್ಫಿನ್ ಸರಿಯಾಗಿ ತೋರಿಸಲಿಲ್ಲವಲ್ಲ ಎಂದು ನನಗೆ ಚಡಪಡಿಕೆ.

ಅಷ್ಟರಲ್ಲಿ ಬೆನ್ನ ಹಿಂದೆ "ಫುಸ್ಸ್" ಎಂದಿತು. "ಅಕ್ಕೋರ, ಉಸಿರು!" ಎಂದು ಆ ಹುಡುಗಿ ಪಿಸುಗುಟ್ಟಿದಳು.

ಹದಿನೈದು ವರ್ಷ ದೋಣಿಯಲ್ಲಿ ಓಡಾಡಿದ ನಾನು ಡಾಲ್ಫಿನ್ನಿನ ಉಸಿರನ್ನು ಇಷ್ಟು ಸ್ಪಷ್ಟವಾಗಿ ಕೇಳಿದ್ದು ಅಂದೇ.

ಎಣಿಕೆ

ಅಕ್ಕೋರ ಕೈಯಲ್ಲಿ ಗಡಿಯಾರವಿತ್ತು. ಒಬ್ಬ ಹುಡುಗ ನೋಟ್‌ಬುಕ್ ತೆಗೆದ. ಗೂನಿನ ಮೇಲೆ ಸಣ್ಣ ಬಿಳಿ ಗೀರು ಇದ್ದ ಒಂದು ಡಾಲ್ಫಿನ್ನನ್ನು ಗುರುತಿಟ್ಟುಕೊಂಡು, ಅದು ಒಂದು ಸಲ ಉಸಿರು ಬಿಟ್ಟ ಮೇಲೆ ಮತ್ತೆ ಬಿಡುವವರೆಗೆ ಎಷ್ಟು ಸೆಕೆಂಡ್ ಎಂದು ಬರೆದರು. ಹೆಚ್ಚಾಗಿ ಅರ್ಧ ನಿಮಿಷ, ಮುಕ್ಕಾಲು ನಿಮಿಷ, ಒಂದು ನಿಮಿಷ. ಅವು ಒಂದೇ ಜಾಗದ ಸುತ್ತ ನಿಧಾನವಾಗಿ ಸುತ್ತುತ್ತ ಮೀನು ಹಿಡಿಯುತ್ತಿದ್ದವು. ಅತ್ತಿತ್ತ ಜಿಗಿತವಿಲ್ಲ, ಅವಸರವಿಲ್ಲ.

ಆಗ ದೂರದಿಂದ ಇನ್ನೊಂದು ದೋಣಿ ವೇಗವಾಗಿ ಬಂತು. ಬಿಳಿ ಗೀರಿನ ಡಾಲ್ಫಿನ್ ಮುಳುಗಿತು. ಮಕ್ಕಳು ಎಣಿಸಿದರು. ಒಂದು ನಿಮಿಷ, ಎರಡು ನಿಮಿಷ. ಅದು ಮತ್ತೆ ಎದ್ದದ್ದು ಬಹಳ ದೂರದಲ್ಲಿ, ದೇವಗಡದ ಕಡೆಗೆ ಮುಖ ಮಾಡಿ.

"ಓಟ" ಎಂದು ಆ ಹುಡುಗ ನೋಟ್‌ಬುಕ್ಕಿನಲ್ಲಿ ಬರೆದ. ಅಕ್ಕೋರು ಅದನ್ನು ತಿದ್ದಿಸಿದರು. "ಒಂದೇ ಸಲ ನೋಡಿ ತೀರ್ಮಾನ ಬರೆಯಬಾರದು. ಕಂಡದ್ದನ್ನು ಮಾತ್ರ ಬರಿ. ದೋಣಿ ಬಂತು, ಎರಡು ನಿಮಿಷಕ್ಕೂ ಹೆಚ್ಚು ಮುಳುಗಿತ್ತು, ದೂರ ಎದ್ದಿತು. ಮುಂದಿನದನ್ನು ಈ ಮಾಮಾ ದಿನಾ ನೋಡಿ ತುಂಬಿಸುತ್ತಾರೆ" ಎಂದರು. ನನ್ನನ್ನು ಕೇಳದೆಯೇ ನನಗೆ ಕೆಲಸ ಕೊಟ್ಟುಬಿಟ್ಟರು!

ಮರುದಿನ ನಾನೂ ಒಂದು ನೂರು ಪುಟದ ನೋಟ್‌ಬುಕ್ ಕೊಂಡೆ. ಮೊದಲ ಪುಟದಲ್ಲಿ "ಆಟವೋ, ಓಟವೋ?" ಎಂದು ಬರೆದೆ. ದಿನಾಂಕ, ಹೊತ್ತು, ಭರತವೋ ಇಳಿತವೋ, ಎಷ್ಟು ಡಾಲ್ಫಿನ್, ಮರಿ ಇತ್ತೇ, ಎಂಜಿನ್ ಚಾಲೂ ಇತ್ತೇ, ಎಷ್ಟು ಹೊತ್ತು ಮುಳುಗಿದ್ದವು ಎಂದು ಗೆರೆ ಹಾಕಿದೆ. ಎರಡು ಋತುಗಳ ಪುಟ ತುಂಬಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ. ಎಂಜಿನ್ ಹತ್ತಿರ ಬಂದಾಗಲೆಲ್ಲ ಅವು ಸಾಮಾನ್ಯವಾಗಿ ದಿಕ್ಕು ಬದಲಿಸುತ್ತಿದ್ದವು, ಹೆಚ್ಚು ಹೊತ್ತು ಮುಳುಗಿರುತ್ತಿದ್ದವು, ಮೀನು ಹಿಡಿಯುವುದನ್ನು ಬಿಟ್ಟು ಹೋಗುತ್ತಿದ್ದವು. ಹಡಗಿನ ಮುಂದೆ ಅಲೆಯೇರಿ ಆಡುವ ಡಾಲ್ಫಿನ್ ಜಾತಿಗಳು ಲೋಕದಲ್ಲಿ ಇವೆ. ಆದರೆ ಗೂನುಬೆನ್ನಿನವು ನಾಚಿಕೆಯ ಸ್ವಭಾವದವು, ದೋಣಿಯ ಮುಂದೆ ಆಡುವುದು ಅಪರೂಪ ಎಂದು ಆಮೇಲೆ ವಿಜ್ಞಾನಿಗಳ ಬರಹಗಳಿಂದ ತಿಳಿಯಿತು.

ನೀರಿನೊಳಗಿನ ಗದ್ದಲ

ದೋಣಿ ಮುಟ್ಟದಿದ್ದರೂ ಅವು ಯಾಕೆ ಓಡುತ್ತವೆ? ಉತ್ತರ ಸದ್ದಿನಲ್ಲಿದೆ.

ಅಳಿವೆಯ ನೀರು ಕಲಕಿದ ಮಣ್ಣಿನಿಂದ ಮಬ್ಬಾಗಿರುತ್ತದೆ. ಅಲ್ಲಿ ಕಣ್ಣಿನಿಂದ ಹೆಚ್ಚು ದೂರ ಕಾಣದು. ಡಾಲ್ಫಿನ್ ಕಿವಿಯಿಂದ ನೋಡುತ್ತದೆ ಎನ್ನಬಹುದು. ತಲೆಯ ಮುಂಭಾಗದಿಂದ ಟಕ್ ಟಕ್ ಎಂಬ ಬಹಳ ಸೂಕ್ಷ್ಮವಾದ ಸದ್ದನ್ನು ಹೊರಡಿಸುತ್ತದೆ. ಸದ್ದು ಮೀನಿಗೋ ಬಂಡೆಗೋ ತಾಗಿ ಮರಳುತ್ತದೆ. ಮರಳಿದ ಸದ್ದನ್ನು ಕೆಳದವಡೆಯೊಳಗಿನ ಕೊಬ್ಬು ಒಳಕಿವಿಗೆ ಮುಟ್ಟಿಸುತ್ತದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ, ನೀರಿನಲ್ಲಿ ಸುಮಾರು 1,500 ಮೀಟರ್ ಹೋಗುತ್ತದೆ. ಹದಿನೈದು ಮೀಟರ್ ದೂರದ ಮೀನಿಗೆ ತಾಗಿ ಮರಳಲು ಎಷ್ಟು ಹೊತ್ತು ಬೇಕು? ಹೋಗಿ ಬರುವ ದಾರಿ 30 ಮೀಟರ್. ಲೆಕ್ಕ ಮಾಡಿ, ಸೆಕೆಂಡಿನ ಐವತ್ತನೆಯ ಒಂದು ಭಾಗ!

ಇಂಥ ಸೂಕ್ಷ್ಮ ಕಿವಿಯ ಪಕ್ಕದಲ್ಲಿ ನಮ್ಮ ಎಂಜಿನ್ ಗರ್ಜಿಸುತ್ತದೆ. ಎಂಜಿನ್ನಿನ ಸದ್ದಿನ ಜತೆಗೆ, ವೇಗವಾಗಿ ತಿರುಗುವ ಪಂಕದ ಸುತ್ತ ಅಸಂಖ್ಯ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಅದೂ ದೊಡ್ಡ ಸದ್ದೇ. ತಾಯಿ–ಮರಿ ಒಂದನ್ನೊಂದು ಸಿಳ್ಳೆಯಂಥ ದನಿಯಿಂದ ಕರೆಯುತ್ತವೆ. ಸಂತೆಯ ಗದ್ದಲದಲ್ಲಿ ತಾಯಿಯ ಕೈ ತಪ್ಪಿದ ಮಗುವನ್ನು ನೆನೆದುಕೊಳ್ಳಿ. ಸಣ್ಣ ಮರಿ ತಾಯಿಯಷ್ಟು ಹೊತ್ತು ಉಸಿರು ಕಟ್ಟಿ ಇರಲಾರದು. ಅಂದು ಆ ಮರಿ ಮತ್ತೆ ಮತ್ತೆ ಮೇಲೆ ಬಂದದ್ದು ಟಾಟಾ ಹೇಳಲು ಅಲ್ಲ.

ನೀವೇ ಮಾಡಿ ನೋಡಿ: ಒಂದು ಬಕೆಟ್ಟಿನಲ್ಲಿ ನೀರು ತುಂಬಿ. ಗೆಳೆಯ ನೀರಿನೊಳಗೆ ಎರಡು ಸಣ್ಣ ಕಲ್ಲುಗಳನ್ನು ಮೆಲ್ಲಗೆ ಒಂದಕ್ಕೊಂದು ತಾಗಿಸಲಿ. ಮೊದಲು ದೂರ ನಿಂತು ಕೇಳಿ. ಆಮೇಲೆ ಬಕೆಟ್ಟಿನ ಹೊರಮೈಗೆ ಕಿವಿ ಒತ್ತಿಟ್ಟು ಕೇಳಿ. ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಹೊಟ್ಟೆಯ ಪ್ರಶ್ನೆ

ಇಷ್ಟು ತಿಳಿದ ಮೇಲೆ ಬೆನ್ನಟ್ಟುವುದನ್ನು ನಿಲ್ಲಿಸಿದೆವು ಎಂದು ಸುಲಭವಾಗಿ ಬರೆಯಬಹುದು. ನಿಜ ಹಾಗಿಲ್ಲ. "ದೂರ ನಿಂತು ಕಾಯೋಣ" ಎಂದಾಗ ಪ್ರವಾಸಿಗಳು ಸಿಟ್ಟಾಗುತ್ತಿದ್ದರು. "ಆ ದೋಣಿಯವರು ಹತ್ತಿರ ಕರೆದೊಯ್ದರು, ನೀವು ಮೋಸ ಮಾಡಿದಿರಿ" ಎಂದು ಒಬ್ಬರು ಅರ್ಧ ದುಡ್ಡು ಕೊಟ್ಟು ಇಳಿದು ಹೋದರು. ಆ ವರ್ಷ ನಮ್ಮ ಗಳಿಕೆ ಇಳಿಯಿತು. "ಡಾಲ್ಫಿನ್ ಹೊಟ್ಟೆ ತುಂಬಿತು, ನಮ್ಮ ಹೊಟ್ಟೆ?" ಎಂದು ಕಾಕಾ ಒಂದು ರಾತ್ರಿ ಬೇಸರದಿಂದ ಕೇಳಿದರು. ಕಾಕಾನ ಮಗಳ ಶಾಲೆಯ ಖರ್ಚು ಆ ದೋಣಿಯಿಂದಲೇ ನಡೆಯಬೇಕಿತ್ತು. ಆಗಲೂ ನನ್ನಲ್ಲಿ ಉತ್ತರ ಇರಲಿಲ್ಲ.

ದಾರಿ ಹುಡುಕಿದವರು ಕಾಕಾ. ಅವರ ಅಪ್ಪ ಹುಟ್ಟು ಹಾಕುವ ದೋಣಿಯಲ್ಲಿ ರಾತ್ರಿ ಬಲೆ ಬಿಡುತ್ತಿದ್ದರಂತೆ. ಕತ್ತಲೆಯಲ್ಲಿ ಉಸಿರಿನ ಸದ್ದು ಕೇಳಿಯೇ, ಹಂದಿಮೀನು ಇತ್ತ ಇವೆ, ಮೀನಿನ ಹಿಂಡೂ ಇತ್ತಲೇ ಇದೆ ಎಂದು ಗುರುತಿಸುತ್ತಿದ್ದರಂತೆ. "ನಾವು ಡಾಲ್ಫಿನ್ ತೋರಿಸುತ್ತೇವೆ ಅನ್ನುವುದು ಬೇಡ. ಡಾಲ್ಫಿನ್ ಉಸಿರು ಕೇಳಿಸುತ್ತೇವೆ ಅನ್ನು" ಎಂದರು ಕಾಕಾ. ದಂಡೆಯಲ್ಲಿ ನಾನು ಹಾಗೆಯೇ ಹೇಳತೊಡಗಿದೆ. ಕೇಳಿದವರಿಗೆ ಕುತೂಹಲ ಹುಟ್ಟಿತು. ನಿಧಾನವಾಗಿ ಅದಕ್ಕೆಂದೇ ಬರುವವರು ಹೆಚ್ಚಾದರು. ಈಗ ನಮ್ಮಂತೆ ದೂರ ನಿಲ್ಲುವ ದೋಣಿಗಳು ಕೆಲವು ಇವೆ, ಬೆನ್ನಟ್ಟುವವೂ ಇವೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಅವರಂತೆಯೇ ಇದ್ದೆನಲ್ಲ! ನೋಟ್‌ಬುಕ್ ತೋರಿಸುತ್ತೇನೆ, ಅಷ್ಟೇ. ಡಾಲ್ಫಿನ್‌ಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಗೂನುಬೆನ್ನಿನ ಈ ಜಾತಿ ಅಳಿವಿನಂಚಿನಲ್ಲಿರುವ ಪ್ರಾಣಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿಯೂ ಸೇರಿದೆ. ತಾಯಿ ಸಾಮಾನ್ಯವಾಗಿ ಮೂರು ವರ್ಷಕ್ಕೆ ಒಂದು ಮರಿ ಹಾಕುತ್ತದೆ. ಒಂದು ಮರಿ ಹೋದರೆ ಆ ನಷ್ಟ ತುಂಬಲು ಬಹಳ ಕಾಲ ಬೇಕು.

ಎಂಜಿನ್ ನಿಲ್ಲಿಸಿದ್ದರಿಂದ ಇನ್ನೊಂದು ಲಾಭವೂ ಆಯಿತು. ಬಿಳಿಹೊಟ್ಟೆಯ ಕಡಲ ಹದ್ದು ದ್ವೀಪದ ಮರದಿಂದ ಹಾರಿ ಬಂದು ನಮ್ಮೆದುರೇ ಮೀನು ಎತ್ತಿಕೊಂಡು ಹೋಗುವುದನ್ನು ಈಗ ಆಗಾಗ ನೋಡುತ್ತೇವೆ. ಅದರ ರೆಕ್ಕೆಗಳ ಹರವು ಎರಡು ಮೀಟರಿನಷ್ಟು. ಓಡುವ ದೋಣಿಯಲ್ಲಿ ಕುಳಿತವರು ತಲೆ ಎತ್ತಿ ನೋಡುವುದೇ ಇಲ್ಲ.

ಮುಳುಗಿದ ಸೂರ್ಯನನ್ನು ನೋಡುವುದು

ಇನ್ನು ಸೂರ್ಯಾಸ್ತದ ಮಾತು. ಎಷ್ಟು ಹೊತ್ತು ಉಳಿದಿದೆ ಎಂದು ತಿಳಿಯಲು ನನಗೆ ಗಡಿಯಾರ ಬೇಡ, ಮುಷ್ಟಿ ಸಾಕು. ತೋಳು ನೇರ ಚಾಚಿ ಮುಷ್ಟಿ ಹಿಡಿದರೆ ಅದು ಆಕಾಶದಲ್ಲಿ ಸುಮಾರು 10 ಡಿಗ್ರಿ ಮರೆಮಾಡುತ್ತದೆ. ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗುತ್ತದೆ. ಅಂದರೆ ಒಂದು ಡಿಗ್ರಿಗೆ 4 ನಿಮಿಷ. ನಮ್ಮ ನಾಡಿನಲ್ಲಿ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಇಳಿಯುವುದರಿಂದ, ದಿಗಂತಕ್ಕೂ ಸೂರ್ಯನಿಗೂ ನಡುವೆ ಒಂದು ಮುಷ್ಟಿ ಹಿಡಿಸಿದರೆ ಸುಮಾರು 40 ನಿಮಿಷ ಉಳಿದಿದೆ ಎಂದು ಲೆಕ್ಕ. ನಿಮ್ಮ ಮುಷ್ಟಿ ಸಣ್ಣದು, ಆದರೆ ತೋಳೂ ಗಿಡ್ಡವಲ್ಲವೇ? ಹಾಗಾಗಿ ಲೆಕ್ಕ ಹೆಚ್ಚು ತಪ್ಪುವುದಿಲ್ಲ. ಎಚ್ಚರ, ಹೊಳೆಯುವ ಸೂರ್ಯನನ್ನು ದಿಟ್ಟಿಸಬೇಡಿ. ಇನ್ನೊಂದು ಅಂಗೈಯಿಂದ ಅವನನ್ನು ಮರೆಮಾಡಿ ಅಳೆಯಿರಿ.

ಸೂರ್ಯ ದಿಗಂತಕ್ಕೆ ಹತ್ತಿರವಾದಾಗ ಅವನ ಬೆಳಕು ವಾತಾವರಣದಲ್ಲಿ ಬಹಳ ಉದ್ದದ ದಾರಿ ಹಾದು ಬರಬೇಕು. ದಾರಿಯಲ್ಲಿ ನೀಲಿ ಬೆಳಕು ಹೆಚ್ಚಾಗಿ ಚದುರಿಹೋಗುತ್ತದೆ. ಕೆಂಪು, ಕಿತ್ತಳೆ ಉಳಿದು ನಮ್ಮನ್ನು ತಲಪುತ್ತವೆ.

ಸೂರ್ಯನ ಕೆಳಅಂಚು ನೀರಿಗೆ ತಾಗಿದಂತೆ ಕಂಡಾಗ ನಾನು ಎಲ್ಲರಿಗೂ ಹೇಳುವ ಮಾತೊಂದಿದೆ: "ನೀವು ನೋಡುತ್ತಿರುವ ಸೂರ್ಯ ಆಗಲೇ ಮುಳುಗಿ ಆಗಿದೆ." ಯಾರೂ ನಂಬುವುದಿಲ್ಲ. ಒಂದು ಬಟ್ಟಲಿನ ತಳದಲ್ಲಿ ನಾಣ್ಯ ಇಡಿ. ಬಟ್ಟಲಿನ ಅಂಚು ನಾಣ್ಯವನ್ನು ಮರೆಮಾಡುವವರೆಗೆ ಹಿಂದಕ್ಕೆ ಸರಿಯಿರಿ. ಗೆಳೆಯನಿಗೆ ಮೆಲ್ಲಗೆ ನೀರು ಸುರಿಯಲು ಹೇಳಿ. ಮರೆಯಾಗಿದ್ದ ನಾಣ್ಯ ಮತ್ತೆ ಕಾಣುತ್ತದೆ! ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುವುದರಿಂದ ಹೀಗಾಗುತ್ತದೆ. ಮೇಲೆ ತೆಳು, ಕೆಳಗೆ ದಟ್ಟವಾಗಿರುವ ಗಾಳಿಯೂ ಬೆಳಕನ್ನು ಹೀಗೆಯೇ ಬಾಗಿಸುತ್ತದೆ. ದಿಗಂತದಲ್ಲಿ ಈ ಬಾಗುವಿಕೆ ಸುಮಾರು ಅರ್ಧ ಡಿಗ್ರಿ. ಸೂರ್ಯನ ಬಿಂಬದ ಅಗಲವೂ ಸುಮಾರು ಅರ್ಧ ಡಿಗ್ರಿಯೇ. ಹಾಗಾಗಿ ಬಿಂಬ ನೀರಿಗೆ ತಾಗಿದಂತೆ ಕಾಣುವಾಗ ನಿಜವಾದ ಸೂರ್ಯ ದಿಗಂತದ ಕೆಳಗೆ ಇಳಿದಿರುತ್ತಾನೆ. ಕೆಳಅಂಚು ಮೇಲಂಚಿಗಿಂತ ಹೆಚ್ಚು ಮೇಲೆತ್ತಿದಂತೆ ಕಾಣುವುದರಿಂದ ಬಿಂಬ ಚಪ್ಪಟೆಯಾಗಿ ತೋರುತ್ತದೆ. ತಾಗಿದ ಬಿಂಬ ಪೂರ್ತಿ ಮರೆಯಾಗಲು ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಸಾಕು. ಆ ಎರಡು ನಿಮಿಷ ನಾನು ಏನನ್ನೂ ಮಾತಾಡುವುದಿಲ್ಲ.

ಆಮೇಲೆ ಸುಮಾರು ಇಪ್ಪತ್ತು ನಿಮಿಷದ ಬೆಳಕಿರುತ್ತದೆ. ಅಷ್ಟರಲ್ಲಿ ಕಾಕಾ ಮರಳ ದಿಬ್ಬ ದಾಟಿ ಕೋಡಿಬಾಗಕ್ಕೆ ದೋಣಿ ಮುಟ್ಟಿಸಬೇಕು. ಹಿಂದೆ ದೇವಗಡದ ದೀಪ ಮಿನುಗತೊಡಗುತ್ತದೆ.

ನಿಮಗೊಂದು ಕೆಲಸ

ನನ್ನ ನೋಟ್‌ಬುಕ್‌ಗಳು ಈಗ ಹನ್ನೊಂದಾಗಿವೆ. ಡಿಸೆಂಬರಿನ ಆ ಮರಿ ತಾಯಿಯನ್ನು ಸೇರಿತೇ ಎಂಬುದು ಮಾತ್ರ ಯಾವ ಪುಟದಲ್ಲೂ ಇಲ್ಲ. ಅಂದು ನಾನು ನಿಂತು ನೋಡಲಿಲ್ಲ. ಈಗ ಮರಿಯಿರುವ ಗುಂಪು ಕಂಡರೆ ಕಾಕಾ ನನ್ನನ್ನು ಕೇಳದೆಯೇ ದೋಣಿ ತಿರುಗಿಸಿ ದೂರ ಹೋಗುತ್ತಾರೆ.

ಮಕ್ಕಳೇ, ಎಲ್ಲರ ಊರಿನಲ್ಲೂ ಸಮುದ್ರ ಇರುವುದಿಲ್ಲ. ಕೆರೆ ಇರುತ್ತದೆ, ಎಮ್ಮೆಯ ಹಿಂದೆ ನಡೆಯುವ ಬೆಳ್ಳಕ್ಕಿ ಇರುತ್ತದೆ, ಶಾಲೆಯ ಮಾಡಿನಲ್ಲಿ ಅಳಿಲು ಇರುತ್ತದೆ. ಯಾವುದಾದರೂ ಒಂದು ಪ್ರಾಣಿಯನ್ನು ಆರಿಸಿಕೊಳ್ಳಿ. ಅದಕ್ಕೆ ತೊಂದರೆಯಾಗದಷ್ಟು ದೂರದಲ್ಲಿ ದಿನಕ್ಕೆ ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಅದು ಏನು ಯೋಚಿಸುತ್ತಿದೆ ಎಂದು ಬರೆಯಬೇಡಿ, ಏನು ಮಾಡಿತು ಎಂದು ಬರೆಯಿರಿ. ಒಂದು ತಿಂಗಳಾದ ಮೇಲೆ ಪುಟಗಳನ್ನು ನಿಮ್ಮ ಶಿಕ್ಷಕರಿಗೆ ತೋರಿಸಿ.

ಘಟ್ಟದ ಮೇಲಿನಿಂದ ಬಂದ ಆ ಹುಡುಗಿ ಈಗ ದೊಡ್ಡವಳಾಗಿರಬೇಕು. ಅವಳ ಹೆಸರನ್ನು ನಾನು ಅಂದು ಕೇಳಲೇ ಇಲ್ಲ. ಕಾರವಾರಕ್ಕೆ ಮತ್ತೆ ಬಂದರೆ ಅವಳಿಗೆ ಮೊದಲ ನೋಟ್‌ಬುಕ್ಕಿನ ಮೊದಲ ಪುಟ ತೋರಿಸಬೇಕೆಂದು ಅದನ್ನು ದೋಣಿಯ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿದ್ದೇನೆ.